ಒತ್ತಕ್ಷರ ತಿಳಿಯದವನಿಗೆ ಅನ್ಯಾಯ ತಿಳಿಯುವುದಿಲ್ಲವೇ?

ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ: "ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಸಮಾಜ ಪಾಠದಲ್ಲಿ ಇಸವಿಗಳನ್ನು ಬೇಕಾದರೆ ಕಡಿಮೆ ಮಾಡಿ, ಜಗಳಗಳನ್ನು ಕಡಿಮೆ ಮಾಡಬೇಡಿ." ಆ ಒಂದು ಸಾಲು ಇಷ್ಟು ಪತ್ರ ತರಿಸುತ್ತದೆ ಅಂದುಕೊಂಡಿರಲಿಲ್ಲ. ಹತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಆಮೇಲೆ ಒಂಬತ್ತು ವರ್ಷ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿಯಾಗಿ ಶಾಲೆಯಿಂದ ಶಾಲೆಗೆ ಓಡಾಡಿದೆ. ಎರಡೂ ಕಡೆ ಮಾಡಿದ ತಪ್ಪುಗಳೇ ಈ ಅಂಕಣದ ಬಂಡವಾಳ. ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಜಾತಿ, ವಿಭಜನೆ, ಮೀಸಲಾತಿಯಂಥ ಜಗಳದ ವಿಷಯಗಳನ್ನು ಈ ಮಕ್ಕಳಿಗೆ ಹೇಗೆ ಕಲಿಸುವುದು ಎಂಬ ಇದೊಂದನ್ನೇ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು, ಊರು ಹಾಕಿಲ್ಲ. ಯಾಕೆಂದು ಓದುತ್ತಾ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲಾ ಶಿಕ್ಷಕ. ನನ್ನ ತರಗತಿಯಲ್ಲಿ ಆಟಿಸಂ (ಮಾತಿನ ಒಳಾರ್ಥ, ಎದುರಿನವರ ಮುಖಭಾವ ಸುಲಭವಾಗಿ ಹಿಡಿಯಲಾಗದ ಬೆಳವಣಿಗೆಯ ಭಿನ್ನತೆ) ಇರುವ ಹುಡುಗನೊಬ್ಬ ಇದ್ದಾನೆ. ಅಸ್ಪೃಶ್ಯತೆಯ ಪಾಠ ಮಾಡಿದ ಮರುದಿನ ಅವನು ಪ್ರಾರ್ಥನೆಯ ಸಾಲಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ "ನೀನು ಯಾವ ಜಾತಿ? ನಿನ್ನ ಮುಟ್ಟಬಹುದಾ?" ಎಂದು ಕೇಳಿಬಿಟ್ಟ. ಒಬ್ಬ ಹುಡುಗಿ ಅತ್ತಳು. ಅವಳ ತಂದೆ ಶಾಲೆಗೆ ಬಂದರು. ಇನ್ನು ಮುಂದೆ ಇಂಥ ಪಾಠದ ದಿನ ಅವನನ್ನು ಲೈಬ್ರರಿಗೆ ಕಳಿಸಿಬಿಡಲೇ?

ಉತ್ತರ: ಮೊದಲು ಆ ಹುಡುಗಿ. ಅವಳನ್ನು ಪಕ್ಕಕ್ಕೆ ಕರೆದು, ನಿನ್ನ ತಪ್ಪು ಏನೂ ಇಲ್ಲ, ಆ ಪ್ರಶ್ನೆಗೆ ನೀನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದು ಹೇಳಿದಿರಾ? ನಿಮ್ಮ ಪತ್ರದಲ್ಲಿ ಹುಡುಗನ ಬಗ್ಗೆ ಎರಡು ಪುಟ ಇದೆ, ಅವಳ ಬಗ್ಗೆ ಇರುವುದು ಮೂರು ಪದ. ಹೇಳಿಲ್ಲವಾದರೆ ನಾಳೆಯೇ ಹೇಳಿ. ಅವಳ ತಂದೆಗೂ ಹೇಳಿ.

ಇನ್ನು ಹುಡುಗ. ಅವನು ಕೆಟ್ಟದ್ದು ಮಾಡಲು ಹೊರಟಿರಲಿಲ್ಲ, ಪಾಠವನ್ನು ಪ್ರಯೋಗ ಮಾಡಿ ನೋಡಲು ಹೊರಟಿದ್ದ. "ಕೆಲವರನ್ನು ಮುಟ್ಟುತ್ತಿರಲಿಲ್ಲ" ಎಂದು ನೀವು ಹೇಳಿದಿರಿ. ಹಾಗಾದರೆ ಆ ಕೆಲವರು ಯಾರು ಎಂದು ಅವನು ಹುಡುಕಿದ. ನಾವು ದೊಡ್ಡವರು ಇದೇ ಪ್ರಶ್ನೆಯನ್ನು "ನಿಮ್ಮ ಮನೆದೇವರು ಯಾವುದು?" ಎಂದು ಬಳಸಿಕೊಂಡು ಕೇಳುತ್ತೇವೆ. ಅವನಿಗೆ ಆ ಬಳಸುದಾರಿ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ಲೈಬ್ರರಿಗೆ ಕಳಿಸಬೇಡಿ. ಮುಟ್ಟಬಾರದವರ ಪಾಠ ಮಾಡುವ ದಿನ ಒಬ್ಬನನ್ನು ಕೋಣೆಯಿಂದ ಹೊರಗೆ ಕೂರಿಸುವುದು ಎಂಥ ಪಾಠವಾಗುತ್ತದೆ ಎಂದು ನೀವೇ ಯೋಚಿಸಿ.

ಬೇಕಾದದ್ದು ನಿಯಮ. ಬೇರೆ ಮಕ್ಕಳು ನಮ್ಮ ಮುಖ ನೋಡಿ "ಇದನ್ನು ಕೇಳಬಾರದು" ಎಂದು ತಿಳಿದುಕೊಳ್ಳುತ್ತಾರೆ, ಇವನಿಗೆ ಬಾಯಿಬಿಟ್ಟು ಹೇಳಬೇಕು. ನಾನು ಒಂದು ರಟ್ಟಿನ ಚೀಟಿಯಲ್ಲಿ ಮೂರೇ ಸಾಲು ಬರೆದು ಕೊಡುತ್ತಿದ್ದೆ. "ಜಾತಿ ಎಂದರೇನು ಎಂದು ಪಾಠದಲ್ಲಿ ಟೀಚರ್‌ಗೆ ಕೇಳಬಹುದು. ಗೆಳೆಯರ ಜಾತಿ ಕೇಳುವುದಿಲ್ಲ. ಯಾರನ್ನೂ ಜಾತಿಯಿಂದಾಗಿ ಮುಟ್ಟದೇ ಇರುವುದಿಲ್ಲ." ಇದು ಪಾಠಕ್ಕಿಂತ ಮೊದಲು ಕೈಗೆ ಸಿಗಬೇಕು. ಪಾಠದ ಹಿಂದಿನ ದಿನವೇ ಹತ್ತು ನಿಮಿಷ ಅವನ ಜೊತೆ ಕೂತು ನಾಳೆ ಏನು ಬರುತ್ತದೆ, ಯಾವ ಕಠಿಣ ಮಾತು ಬರುತ್ತದೆ, ಬೇಸರವಾದರೆ ಏನು ಮಾಡಬಹುದು ಎಂದು ಹೇಳಿಬಿಡಿ. ಇಂಥ ಮಕ್ಕಳಿಗೆ ಕಹಿ ವಿಷಯಕ್ಕಿಂತ ಹೇಳದೆ ಬಂದ ವಿಷಯ ಹೆಚ್ಚು ಹಿಂಸೆ.

ಪದಗಳ ಬಗ್ಗೆಯೂ ಒಂದು ಮಾತು. ಓದು ಹಿಂದಿರುವ ಮಗುವಿನ ಕಣ್ಣಿನಿಂದ "ಅಸ್ಪೃಶ್ಯತೆ" ಎಂಬುದನ್ನು ಒಮ್ಮೆ ನೋಡಿ. 'ಸ'ಗೆ 'ಪ' ಒತ್ತು, ಅದರ ಮಗ್ಗುಲಲ್ಲಿ ವಟ್ರಸುಳಿ, ಅದು ಮುಗಿಯುವಷ್ಟರಲ್ಲಿ 'ಶ'ಗೆ 'ಯ' ಒತ್ತು. ಪದ ಬಿಡಿಸುವುದರಲ್ಲೇ ಮಗುವಿನ ಶಕ್ತಿಯೆಲ್ಲ ಖರ್ಚಾಗಿ, ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಆಗ ನಾವು "ಇವನಿಗೆ ಈ ವಿಷಯ ಅರ್ಥವಾಗುವುದಿಲ್ಲ" ಎಂದು ಷರಾ ಬರೆಯುತ್ತೇವೆ. ಅದೇ ಹುಡುಗನಿಗೆ ಬಾಯಲ್ಲಿ ಹೇಳಿ: ಒಂದು ಕೆರೆ. ದನ ಬಂದು ನೀರು ಕುಡಿಯಬಹುದು. ಕೆಲವು ಮನುಷ್ಯರು ಕುಡಿಯಬಾರದು. ಮುಂದಿನ ಕ್ಷಣವೇ "ಯಾಕೆ?" ಎನ್ನುತ್ತಾನೆ. ಪಾಠ ಅಲ್ಲಿಂದ ಶುರು.

ನಾನು ಮಹಾರಾಷ್ಟ್ರದ ಮಹಾಡ ಎಂಬ ಊರಿನ ಚವದಾರ್ ಕೆರೆಯ ಕತೆಯನ್ನು ಯಾವಾಗಲೂ ಚಿತ್ರದ ಚೀಟಿಗಳಲ್ಲಿ ಹೇಳುತ್ತಿದ್ದೆ, ಒಂದು ಚೀಟಿಗೆ ಒಂದೇ ಸಂಗತಿ. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಎಂದು ನಿರ್ಣಯ ಮಾಡಿತು. ಮುಂದಿನ ವರ್ಷ ಮಹಾಡದ ಪುರಸಭೆಯೂ ಹೂಂ ಅಂದಿತು. ಆದರೂ ದಲಿತರಿಗೆ ಕುಡಿಯಲು ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ನಡೆದುಹೋಗಿ ನೀರು ಕುಡಿದರು. ಆಮೇಲೆ ಹೊಡೆತ ಬಿತ್ತು. ಕೆರೆಗೆ 108 ಕೊಡ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ವ್ಯಾಜ್ಯ ನಡೆದು, ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿ ಅದಕ್ಕೂ ಎಷ್ಟೋ ವರ್ಷ ಆಮೇಲಿನದು.

ಶುದ್ಧಿಯ ಚೀಟಿ ಇಟ್ಟಾಗ ಒಬ್ಬ ಹುಡುಗ ಕೇಳಿದ್ದ: "ಮಿಸ್, ದನದ್ದನ್ನು ಹಾಕಿದರೆ ನೀರು ಕ್ಲೀನ್ ಆಗುತ್ತಾ?" ಇಡೀ ತರಗತಿ ನಕ್ಕಿತು, ಆಮೇಲೆ ನಗು ನಿಂತಿತು. ಓದಲು ಬಾರದ ಹುಡುಗ ಅವನು. ಆ ದಿನ ಅವನಿಗಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಇನ್ನೊಬ್ಬಳು ಎರಡನೇ ಚೀಟಿಯನ್ನು ಕೈಯಲ್ಲಿ ಹಿಡಿದು "ರೂಲ್ಸ್ ಮೊದಲೇ ಆಗಿತ್ತಲ್ಲ, ಮತ್ತೆ ಯಾಕೆ ಹೋಗಬೇಕಾಯ್ತು?" ಎಂದಳು. ಕಾನೂನು ಬೇರೆ, ನಡವಳಿಕೆ ಬೇರೆ ಎಂದು ನಾನು ಪುಟಗಟ್ಟಲೆ ನೋಟ್ಸ್ ಬರೆಸಿದ್ದರೂ ಅಷ್ಟು ತಲುಪುತ್ತಿರಲಿಲ್ಲ.

ಪ್ರಶ್ನೆ: ಜಾತಿ ತಾರತಮ್ಯ ಅನುಭವಕ್ಕೆ ಬರಲಿ ಎಂದು ಒಂದು ದಿನ ಅರ್ಧ ತರಗತಿಯನ್ನು "ಮೇಲಿನವರು", ಅರ್ಧವನ್ನು "ಕೆಳಗಿನವರು" ಎಂದು ಮಾಡಿ ಆಡಿಸಬೇಕೆಂದಿದ್ದೇನೆ. ಪುಸ್ತಕ ಓದಲಾಗದ ಮಕ್ಕಳಿಗೆ ಚಟುವಟಿಕೆಯೇ ಒಳ್ಳೆಯದು ಅನ್ನುತ್ತಾರಲ್ಲ?

ಉತ್ತರ: ಬೇಡ.

ಈ ಯೋಚನೆ ನಿಮಗಿಂತ ಮೊದಲೇ ಒಬ್ಬರಿಗೆ ಬಂದಿತ್ತು. ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಊರಿನಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದರು. ಒಂದು ಗುಂಪು ಶ್ರೇಷ್ಠ, ಇನ್ನೊಂದು ಕನಿಷ್ಠ. ಕೆಲವೇ ಗಂಟೆಗಳಲ್ಲಿ ಗೆಳೆಯರು ಗೆಳೆಯರನ್ನೇ ಹೀಯಾಳಿಸತೊಡಗಿದರು, ಚುರುಕಾಗಿದ್ದ ಮಕ್ಕಳು ಮಂಕಾದರು. ಅಷ್ಟು ಚಿಕ್ಕ ಮಕ್ಕಳ ಮೇಲೆ ಅದನ್ನು ಮಾಡಬಹುದಿತ್ತೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಅಲ್ಲಿ ಕಣ್ಣಿನ ಬಣ್ಣ ಕೇವಲ ನೆಪ, ಸಂಜೆ ಮನೆಗೆ ಹೋದರೆ ಕಳೆಯುತ್ತಿತ್ತು. ನಿಮ್ಮ ತರಗತಿಯಲ್ಲಿ "ಕೆಳಗಿನವರು" ಎಂಬುದನ್ನು ಮನೆಯಿಂದಲೇ ಹೊತ್ತು ಬಂದ ಮಗು ಇದೆ. ಜೊತೆಗೆ, ಆಟ ಮುಗಿಯಿತು ಎಂದು ನೀವು ಹೇಳಿದ ಮೇಲೂ ಆಟದಿಂದ ಹೊರಬರಲಾಗದ ಮಗು ಇರುತ್ತದೆ. ಒಂದು ನಾಟಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ನನ್ನ ವಿದ್ಯಾರ್ಥಿಯೊಬ್ಬ ಮೂರು ವಾರ ಎಲ್ಲರಿಂದ ಕಂದಾಯ ಕೇಳುತ್ತಿದ್ದ. ಆಗ ನಗು ಬಂತು. ಪಾತ್ರ ಬೇರೆಯಾಗಿದ್ದರೆ ನಗು ಬರುತ್ತಿರಲಿಲ್ಲ.

ಚಟುವಟಿಕೆ ಬೇಕೆಂದರೆ ಮಕ್ಕಳನ್ನಲ್ಲ, ವಸ್ತುಗಳನ್ನು ಆಡಿಸಿ. ರಟ್ಟಿನ ಊರು, ಗುಂಡಿಗಳ ಜನ. ಕೆಂಪು ಗುಂಡಿಗೆ ಬಾವಿಯಿಲ್ಲ ಎಂಬ ನಿಯಮ ಇಡಿ. ನಿಯಮ ಯಾರು ಮಾಡಿದರು, ಯಾರಿಗೆ ಲಾಭ, ಹೇಗೆ ಬದಲಿಸಬಹುದು ಎಂದು ಕೇಳಿ. ಮಾತು ಬಾರದ ಮಗುವೂ ಕೆಂಪು ಗುಂಡಿಯನ್ನು ಎತ್ತಿ ಬಾವಿಯ ಹತ್ತಿರ ಇಡುತ್ತದೆ. ನಾನು ಕಂಡಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ, ಬೌದ್ಧಿಕ ಬೆಳವಣಿಗೆ ನಿಧಾನ. ಶಾಲೆಯಲ್ಲಿ ದೇಶ ವಿಭಜನೆಯ ಪಾಠ ಅವಳಿಗೆ ಬೇಡ, ಹೆದರುತ್ತಾಳೆ, ಆ ಹೊತ್ತಿಗೆ ಬಣ್ಣ ಹಚ್ಚಲಿ ಎಂದರು. ಒಪ್ಪಿಕೊಂಡೆ. ಈಗ ಟಿವಿಯಲ್ಲಿ ಪಾಕಿಸ್ತಾನ ಎಂದು ಬಂದಾಗಲೆಲ್ಲ "ಅದು ಏನಮ್ಮಾ?" ಅನ್ನುತ್ತಾಳೆ. ನಾನು ಸರಿ ಮಾಡಿದೆನೇ?

ಉತ್ತರ: ತಂಗೀ, ನೀವೇನೂ ತಪ್ಪು ಮಾಡಲಿಲ್ಲ. ಆದರೆ ಅವಳ ಪ್ರಶ್ನೆ ನೋಡಿ. ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿದರೂ ಆ ಪಾಠ ಟಿವಿಯ ಬಾಗಿಲಿನಿಂದ ಒಳಗೆ ಬಂತು. ಅಲ್ಲಿ ಅದನ್ನು ಹೇಳುವವರು ಶಿಕ್ಷಕರಲ್ಲ, ಕಿರುಚುವವರು.

ನಾನು ಒಮ್ಮೆ "1947ರಲ್ಲಿ ದೇಶ ಇಬ್ಭಾಗವಾಯಿತು" ಎಂದು ಪಾಠ ಶುರು ಮಾಡಿದಾಗ ನಿಮ್ಮ ಮಗಳಂಥ ಹುಡುಗಿಯೊಬ್ಬಳು ಎರಡೂ ಕಾಲು ಮೇಲೆತ್ತಿ ಬೆಂಚಿನ ಮೇಲೆ ಇಟ್ಟುಕೊಂಡಳು. ನೆಲ ಬಿರುಕು ಬಿಡುತ್ತದೆ ಎಂದುಕೊಂಡಿದ್ದಳು. ಅವಳು ಹೆದರಿದ್ದು ಇತಿಹಾಸಕ್ಕಲ್ಲ, ನನ್ನ ಅಲಂಕಾರಕ್ಕೆ. ಅವತ್ತಿನಿಂದ ಭುಗಿಲೆದ್ದಿತು, ರಕ್ತದ ಹೊಳೆ ಹರಿಯಿತು ಎಂಬಂಥ ಮಾತುಗಳನ್ನು ಬಿಟ್ಟೆ.

ಮನೆಯಲ್ಲಿ ನೀವೇ ಮಾಡಬಹುದಾದದ್ದು ಇದು. ಭಾರತದ ಹಳೆಯ ನಕಾಶೆಯೊಂದನ್ನು ರಟ್ಟಿಗೆ ಅಂಟಿಸಿ. ಪಂಜಾಬ್ ಮತ್ತು ಬಂಗಾಳ ಇರುವಲ್ಲಿ ಅಂಟು ಹಚ್ಚಿ ದಪ್ಪ ದಾರ ಎಳೆಯಿರಿ. ಅವಳು ಬೆರಳಿನಲ್ಲಿ ಮುಟ್ಟಿ ನೋಡಲಿ. (ದೃಷ್ಟಿ ಇಲ್ಲದ ಮಕ್ಕಳಿಗೂ ನಾನು ಇದನ್ನೇ ಕೊಡುತ್ತಿದ್ದೆ. ನಕಾಶೆಯ ಪ್ರಶ್ನೆ ಪರೀಕ್ಷೆಯಲ್ಲಿ ಅವರಿಗೆ ಬಿಟ್ಟುಹೋಗುತ್ತದೆಂದು ಪಾಠದಲ್ಲೂ ಬಿಟ್ಟುಬಿಡುವವರಿದ್ದಾರೆ.) ಆಮೇಲೆ ಹೇಳಿ: ಈ ಗೆರೆಯನ್ನು ಎಳೆದದ್ದು ಸಿರಿಲ್ ರಾಡ್‌ಕ್ಲಿಫ್ ಎಂಬ ಇಂಗ್ಲೆಂಡಿನ ವಕೀಲ. ಅವನು ಮೊದಲು ಭಾರತವನ್ನು ನೋಡಿಯೇ ಇರಲಿಲ್ಲ. ಜುಲೈ 8ಕ್ಕೆ ಬಂದ, ಸುಮಾರು ಐದು ವಾರದಲ್ಲಿ ಗೆರೆ ಮುಗಿಸಿದ. ಗೆರೆ ಎಲ್ಲಿದೆ ಎಂದು ಜನರಿಗೆ ತಿಳಿಸಿದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದ ಎರಡು ದಿನ ಆಮೇಲೆ. ತುಂಬಾ ತುಂಬಾ ಜನ ಮನೆ ಬಿಟ್ಟು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೋದರು. ಹಿಂದೂಗಳು, ಮುಸ್ಲಿಮರು, ಸಿಖ್ಖರು ಮೂರೂ ಕಡೆಯವರು ಸತ್ತರು, ಮೂರೂ ಕಡೆಯವರು ಕೊಂದರು, ಮೂರೂ ಕಡೆಯವರು ನೆರೆಯವರನ್ನು ಕಾಪಾಡಿದ್ದೂ ಉಂಟು. ಈ ಕೊನೆಯ ಮಾತನ್ನು ಸುಲಭ ಮಾಡುವ ಭರದಲ್ಲಿ ಒಂದೇ ಕಡೆಗೆ ತಿರುಗಿಸಬೇಡಿ. ಸುಲಭ ಕನ್ನಡ ಮಾಡುವಾಗ ಎಲ್ಲಕ್ಕಿಂತ ಮೊದಲು ಬಿದ್ದುಹೋಗುವುದು "ಎಲ್ಲ ಕಡೆಯವರೂ" ಎಂಬುದೇ. ಆಗ ಉಳಿಯುವುದು ಒಬ್ಬ ಒಳ್ಳೆಯವ, ಒಬ್ಬ ಕೆಟ್ಟವ.

ಹೆಣಗಳ ಫೋಟೋ ಬೇಡ. ಮನೆ ಬಿಟ್ಟವರು ಒಂದು ಕೋಟಿಗೂ ಹೆಚ್ಚು, ಆದರೆ ಕೋಟಿ ಎಂಬ ಸಂಖ್ಯೆ ಅವಳಿಗೆ ಏನೂ ಹೇಳುವುದಿಲ್ಲ, ಅದೂ ಬೇಡ. ಒಂದು ಮನೆ, ಒಂದು ಟ್ರಂಕು. ಅವಸರದಲ್ಲಿ ಹೊರಟರೆ ಏನೇನು ತುಂಬಿಕೊಳ್ಳುತ್ತೀ ಎಂದು ಕೇಳಿ, ಅವಳೇ ತುಂಬಲಿ. ಅಮೃತಸರದಲ್ಲಿ 2017ರಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯದಲ್ಲೂ ಜನ ಅವತ್ತು ಹೊತ್ತು ತಂದ ಸಾಮಾನುಗಳನ್ನೇ ಇಟ್ಟಿದ್ದಾರೆ. ಪಾಠ ಮುಗಿಸುವಾಗ "ಇದು ಆಗಿಹೋದದ್ದು, ನಾವು ಈಗ ನಮ್ಮ ಮನೆಯಲ್ಲಿದ್ದೇವೆ" ಎಂದು ಹೇಳಲು ಮರೆಯಬೇಡಿ. "ಆಗ", "ಈಗ" ಎಂಬುದು ಇಂಥ ಮಕ್ಕಳಿಗೆ ತಾನಾಗಿ ಬೇರೆಯಾಗುವುದಿಲ್ಲ.

ಶಾಲೆಯವರ ಹತ್ತಿರ ಜಗಳವಾಡಬೇಡಿ, ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಪಾಠವನ್ನೇ ಎತ್ತಿಬಿಡುವುದು ಹೊಂದಾಣಿಕೆಯಲ್ಲ.

ಪ್ರಶ್ನೆ: ಅಕ್ಕನ ಮಗನಿಗೆ ಆಟಿಸಂ ಇದೆ, ಹೋಂವರ್ಕ್ ನಾನು ಮಾಡಿಸುವುದು. ಅವನದ್ದು ಒಂದೇ ಹಟ: "ಚಿಕ್ಕಮ್ಮಾ, ಟಿಪ್ಪು ಒಳ್ಳೆಯವನಾ, ಕೆಟ್ಟವನಾ?" ಎರಡೂ ಅಂದರೆ ಸಿಟ್ಟಿಗೆ ಬರುತ್ತಾನೆ. ಏನು ಹೇಳಲಿ?

ಉತ್ತರ: ನಿಮ್ಮ ಅಕ್ಕನ ಮಗನೊಬ್ಬನೇ ಏನು, ರಾಜ್ಯವೇ ಆ ಹಟ ಹಿಡಿದು ಕೂತಿದೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು.

"ಎರಡೂ" ಎಂಬ ಉತ್ತರ ಅವನಿಗೆ ನುಣುಚಿಕೊಳ್ಳುವಂತೆ ಕೇಳುತ್ತದೆ. ಅವನು ಮನುಷ್ಯನಿಗೆ ಅಂಕ ಕೊಡಲು ಕೇಳುತ್ತಿದ್ದಾನೆ, ನೀವು ಪ್ರಶ್ನೆಯನ್ನು ಕೆಲಸಗಳ ಮೇಲೆ ತಿರುಗಿಸಿ. ಚೀಟಿಗಳನ್ನು ಮಾಡಿ. ಒಂದರಲ್ಲಿ: 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇನ್ನೊಂದರಲ್ಲಿ: ಕೊಡವರನ್ನು ಸೆರೆಹಿಡಿದ. ಮತ್ತೊಂದರಲ್ಲಿ: 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿದ. ಬೇರೆ ಒಂದರಲ್ಲಿ: ಬ್ರಿಟಿಷರ ವಿರುದ್ಧ ರಾಕೆಟ್ ಬಳಸಿದ. 1792ರ ಒಪ್ಪಂದದಲ್ಲಿ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. 1799ರ ಮೇ 4ರಂದು ಯುದ್ಧದಲ್ಲಿ ಸತ್ತ. ಪ್ರತಿ ಚೀಟಿಯ ಹಿಂದೆ "ಇದು ನಮಗೆ ಹೇಗೆ ಗೊತ್ತು?" ಎಂದು ಬರೆಯಿರಿ. ಶೃಂಗೇರಿಯದ್ದು ಟಿಪ್ಪು ಮಠಕ್ಕೆ ಬರೆದ ಪತ್ರಗಳಿಂದ ಗೊತ್ತು, ಅವು ಬೆಳಕಿಗೆ ಬಂದದ್ದು 1916ರಲ್ಲಿ. ಸೆರೆಯಾದವರು ಎಷ್ಟು ಜನ ಎಂಬುದಕ್ಕೆ ಬೇರೆಬೇರೆಯವರ ಲೆಕ್ಕ ಬೇರೆಬೇರೆ, ಅದನ್ನೂ ಬರೆಯಿರಿ.

ಆಮೇಲೆ ಎರಡು ಡಬ್ಬಿ: "ಇದರಿಂದ ಯಾರಿಗೆ ಒಳ್ಳೆಯದಾಯಿತು?", "ಇದರಿಂದ ಯಾರಿಗೆ ನೋವಾಯಿತು?" ಒಂದೇ ಚೀಟಿ ಎರಡೂ ಡಬ್ಬಿಗೆ ಹೋಗಬಹುದು ಎಂಬುದನ್ನು ಆಟದ ನಿಯಮವಾಗಿಯೇ ಹೇಳಿ. ಈ ಮಕ್ಕಳಿಗೆ ನಿಯಮ ಎಂದರೆ ನೆಮ್ಮದಿ. "ಒಬ್ಬ ರಾಜ ಒಬ್ಬರಿಗೆ ಸಹಾಯ, ಇನ್ನೊಬ್ಬರಿಗೆ ಅನ್ಯಾಯ ಮಾಡಿರಬಹುದು, ಎರಡೂ ನಿಜವಾಗಿರಬಹುದು" ಎಂಬುದು ಒಮ್ಮೆ ನಿಯಮವಾಗಿ ತಲೆಗೆ ಹೋದರೆ ಬೇರೆ ರಾಜರಿಗೂ ಅವನೇ ಹಚ್ಚಿ ನೋಡುತ್ತಾನೆ. ಆಗ ನಿಮ್ಮ ಮೆಚ್ಚಿನ ರಾಜನ ಸರದಿಯೂ ಬರುತ್ತದೆ, ಸಿದ್ಧವಾಗಿರಿ.

ಪ್ರಶ್ನೆ: ಪಿಯು ಉಪನ್ಯಾಸಕ ನಾನು. ವ್ಯಂಗ್ಯಚಿತ್ರ ತೋರಿಸಿದರೆ ಕೆಲವು ಮಕ್ಕಳು ಅದರ ವ್ಯಂಗ್ಯ ಹಿಡಿಯುವುದೇ ಇಲ್ಲ, ಚಿತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದುತ್ತಾರೆ.

ಉತ್ತರ: ಮಕ್ಕಳನ್ನು ಯಾಕೆ ದೂರುತ್ತೀರಿ? 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಬರೆದ ಚಿತ್ರವೊಂದಿದೆ. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ. ಚಾಟಿ ಬಸವನಹುಳುವಿಗೋ ಅಂಬೇಡ್ಕರ್‌ಗೋ ಎಂಬುದರ ಮೇಲೆ 2012ರಲ್ಲಿ ಸಂಸತ್ತಿನಲ್ಲೇ ಗದ್ದಲವೆದ್ದು, ಕೊನೆಗೆ 11ನೇ ತರಗತಿಯ ಪುಸ್ತಕದಿಂದ ಚಿತ್ರ ಹೋಯಿತು. ಚಾಟಿಯ ಚಿತ್ರ ಕೆಲವರಿಗೆ ಬರೀ ನಗು, ಚಾಟಿಯ ನೆನಪಿರುವವರಿಗೆ ನಗುವಲ್ಲ. ಅದನ್ನೇ ಪಾಠ ಮಾಡಿ. ಮೊದಲು "ಏನೇನು ಕಾಣುತ್ತದೆ?" ಎಂದು ಕೇಳಿ ಪಟ್ಟಿ ಮಾಡಿಸಿ, ಆ ಹಂತದಲ್ಲಿ ನಿಮ್ಮ ಇದ್ದದ್ದನ್ನು ಇದ್ದ ಹಾಗೇ ಓದುವ ಮಕ್ಕಳೇ ಮುಂದೆ ಇರುತ್ತಾರೆ. ಬಸವನಹುಳು ಎಂದರೆ ನಿಧಾನ ಎಂಬುದನ್ನು ನೀವು ಹೇಳಿಕೊಡಿ. ಆಮೇಲೆ "ಇದನ್ನು ಯಾರು ನೋಡಿದರೆ ಏನನ್ನಿಸಬಹುದು?"

ಪ್ರಶ್ನೆ: ಶ್ರವಣದೋಷವಿರುವ ವಿದ್ಯಾರ್ಥಿನಿ ಚರ್ಚೆಯ ದಿನ ಸುಮ್ಮನೆ ಕೂತಿರುತ್ತಾಳೆ. ಮಾತು ಬಾರದ, ಚಿತ್ರಫಲಕ ತೋರಿಸಿ ಮಾತಾಡುವ ಇನ್ನೊಬ್ಬನೂ ಇದ್ದಾನೆ. ಇವರನ್ನು ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಹುಡುಗಿಯ ವಿಷಯ ಬೇಗ ಹೇಳುತ್ತೇನೆ. ಗುಂಡಾಗಿ ಕೂರಿಸಿ, ಒಂದು ಸಲಕ್ಕೆ ಒಬ್ಬರೇ ಮಾತಾಡಲಿ, ಮಾತಾಡುವವರು ಕೈ ಎತ್ತಿರಲಿ, ಯಾರ ಕಡೆ ನೋಡಬೇಕೆಂದು ಅವಳಿಗೆ ಗೊತ್ತಾಗುತ್ತದೆ. ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ನಿಘಂಟು ಹೊರತಂದಿದೆ, ಪಾಠಕ್ಕೆ ಮೊದಲೇ ಕಠಿಣ ಪದಗಳ ಸಂಜ್ಞೆ ಹುಡುಕಿಟ್ಟುಕೊಳ್ಳಿ.

ಹುಡುಗನ ಫಲಕವನ್ನು ಮಾತ್ರ ಒಮ್ಮೆ ತೆಗೆದು ನೋಡಿ. ನಾನು ನೋಡಿದ ಫಲಕಗಳಲ್ಲೆಲ್ಲ ನೀರು, ಊಟ, ಬಾತ್‌ರೂಂ, ಅಮ್ಮ, ಚೆಂಡು. "ಒಪ್ಪುವುದಿಲ್ಲ" ಎಂಬ ಚಿತ್ರ ಒಂದರಲ್ಲೂ ಇರಲಿಲ್ಲ. "ಇದು ಅನ್ಯಾಯ", "ಯಾಕೆ?", "ನನಗೆ ಬೇರೆ ಅನ್ನಿಸುತ್ತದೆ", "ಇವತ್ತು ನಾನು ಹೇಳುವುದಿಲ್ಲ" — ಇವು ಯಾವುವೂ ಇಲ್ಲ. ನಾವೇ ಹಸಿವು ಬಾಯಾರಿಕೆಯಷ್ಟನ್ನೇ ಕೈಗೆ ಕೊಟ್ಟು, ಅವನಿಗೆ ಅಭಿಪ್ರಾಯವೇ ಇಲ್ಲ ಎನ್ನುತ್ತೇವೆ. ಆ ಐದು ಚಿತ್ರ ಸೇರಿಸಿ. ಮೊದಲ ವಾರ ಅವನು ನಿಮ್ಮ ಎಲ್ಲ ಮಾತಿಗೂ "ಒಪ್ಪುವುದಿಲ್ಲ" ತೋರಿಸುತ್ತಾನೆ, ಗಾಬರಿಯಾಗಬೇಡಿ. ಇಷ್ಟು ವರ್ಷದ ಬಾಕಿ ಅದು.

ಪ್ರಶ್ನೆ: ನಮ್ಮ ಎಚ್‌ಎಂ (ಮುಖ್ಯ ಶಿಕ್ಷಕರು) "ಗಲಾಟೆಯ ವಿಷಯ ಬಂದಾಗ ಪುಸ್ತಕ ಓದಿ ಮುಚ್ಚಿಬಿಡಿ, ಅದರಲ್ಲೂ ಈ ಮಕ್ಕಳು ಮನೆಗೆ ಹೋಗಿ ಏನೇನೋ ಹೇಳುತ್ತಾರೆ" ಅನ್ನುತ್ತಾರೆ. ಅವರ ಹೆದರಿಕೆಯೂ ಸುಳ್ಳಲ್ಲ.

ಉತ್ತರ: ಸುಳ್ಳಲ್ಲ. 2022ರಲ್ಲಿ ಒಂದು ಸಲ, 2023ರಲ್ಲಿ ಇನ್ನೊಂದು ಸಲ ನಮ್ಮ ಪಠ್ಯಪುಸ್ತಕಗಳು ಬದಲಾದದ್ದನ್ನು ಕಂಡ ಯಾವ ಎಚ್‌ಎಂ ಹೆದರುವುದಿಲ್ಲ?

ಜರ್ಮನಿಯವರು 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿ ಮಾಡಿಕೊಂಡ ಒಪ್ಪಂದ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಎಡದವರು ಬಲದವರು ಕೂತು ಮೂರು ಮಾತಿಗೆ ಒಪ್ಪಿದರು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಸಮಾಜದಲ್ಲಿ, ವಿದ್ವಾಂಸರಲ್ಲಿ ವಿವಾದವಿರುವ ವಿಷಯವನ್ನು ತರಗತಿಯಲ್ಲೂ ವಿವಾದವೆಂದೇ ತೋರಿಸಬೇಕು. ಮಕ್ಕಳು ತಮ್ಮ ಹಿತ ಯಾವುದು ಎಂದು ತಾವೇ ಯೋಚಿಸುವಂತಾಗಬೇಕು. ಎರಡನೆಯದರ ಬೆನ್ನಿಗೆ ಇನ್ನೊಂದು ಮಾತು ನಾನು ಸೇರಿಸುತ್ತೇನೆ: ಇತ್ಯರ್ಥವಾದದ್ದನ್ನು ವಿವಾದವೆಂದು ತೋರಿಸಬಾರದು. ಮೀಸಲಾತಿ ಎಷ್ಟಿರಬೇಕು ಎಂಬುದಕ್ಕೆ ಎರಡು ಮಗ್ಗುಲಿದೆ. ಮನುಷ್ಯನನ್ನು ಮುಟ್ಟಬಹುದೋ ಬಾರದೋ ಎಂಬುದಕ್ಕೆ ಎರಡು ಮಗ್ಗುಲಿಲ್ಲ.

ಮೊದಲನೆಯದು ನಮ್ಮ ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಬೇಕು. ನಿಧಾನ ಕಲಿಯುವ ಮಗು ಟೀಚರ್ ಮೆಚ್ಚಲಿ ಎಂದು ಟೀಚರ್ ಹೇಳಿದ್ದನ್ನೇ ಹೇಳುತ್ತದೆ. ನನ್ನ ಹುಬ್ಬು ಏರಿದರೆ ಸಾಕು, ಉತ್ತರ ಬದಲಾಗುತ್ತಿತ್ತು. ಅದಕ್ಕೇ ಚರ್ಚೆಗೆ ಮೊದಲು ಎಲ್ಲರೂ ಚೀಟಿಯಲ್ಲಿ ಬರೆದೋ, ಚಿತ್ರ ಬಿಡಿಸಿಯೋ, ಪಕ್ಕದವರ ಕಿವಿಯಲ್ಲಿ ಹೇಳಿಯೋ ಮುಗಿಸಬೇಕೆಂಬ ಪದ್ಧತಿ ಇಟ್ಟುಕೊಂಡಿದ್ದೆ. ಥಟ್ಟನೆ ಬಾಯಿ ಹಾಕುವ ಮಕ್ಕಳಿಗೂ ಆ ಎರಡು ನಿಮಿಷ ಲಗಾಮು.

ಎಚ್‌ಎಂ ಅವರಿಗೆ ಹೇಳಿ: ಪಾಠದ ವಾರದ ಮೊದಲೇ ಪೋಷಕರಿಗೆ ನಾಲ್ಕು ಸಾಲು ಕಳಿಸೋಣ, ಏನು ಕಲಿಸುತ್ತೇವೆ, ಯಾವ ಪದ ಬರುತ್ತದೆ, ಮಗು ಏನು ಕೇಳಬಹುದು. ಅರ್ಧಂಬರ್ಧ ಕೇಳಿಸಿಕೊಂಡು ಹೋದ ಮಗುವಿನ ಬಾಯಿಂದ ಬಂದದ್ದೇ ಹೆಚ್ಚು ಗಲಾಟೆ ಎಬ್ಬಿಸುವುದು.

ಪ್ರಶ್ನೆ: ಮಿಸ್, ನಾನು 10ನೇ ಕ್ಲಾಸು. ನನಗೆ ಡಿಸ್ಲೆಕ್ಸಿಯಾ, ಓದೋದು ಬರೆಯೋದು ಕಷ್ಟ. ಇದನ್ನು ನಾನು ಹೇಳ್ತಾ ಅಣ್ಣ ಟೈಪ್ ಮಾಡ್ತಿದ್ದಾನೆ. ಮೀಸಲಾತಿ ಚರ್ಚೆಯಲ್ಲಿ ಸರ್ "ಇವಳಿಗೆ ಪರೀಕ್ಷೆಯಲ್ಲಿ ಹೆಚ್ಚು ಟೈಮ್ ಕೊಡೋದಿಲ್ವಾ, ಮೀಸಲಾತಿನೂ ಹಾಗೇ" ಅಂದರು. ಅವತ್ತಿನಿಂದ ಎಲ್ಲರೂ ನನ್ನ "ಕೋಟಾ" ಅಂತಾರೆ. ಸರ್ ಒಳ್ಳೆಯವರೇ. ನಾನು ಚರ್ಚೆಯಲ್ಲಿ ಮಾತಾಡೋದು ಬಿಟ್ಟಿದ್ದೀನಿ.

ಉತ್ತರ: ಪುಟ್ಟಿ, ನಿನ್ನ ಸರ್ ಒಳ್ಳೆಯವರೇ ಇರಬಹುದು. ಆದರೆ ನಿನ್ನನ್ನು ಕೇಳದೆ ನಿನ್ನನ್ನು ಉದಾಹರಣೆ ಮಾಡಿದ್ದು ತಪ್ಪು. ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ, ಊರುಗೋಲು ಹಿಡಿದು ಬರುತ್ತಿದ್ದ ಹುಡುಗನ ಮೇಲೆ. ಅವನು ಏನೂ ಹೇಳಲಿಲ್ಲ. ಮರುದಿನದಿಂದ ಕೊನೆಯ ಬೆಂಚಿಗೆ ಹೋದ. ಈ ಪುಟವನ್ನು ಸರ್‌ಗೆ ತೋರಿಸಬೇಕೆನಿಸಿದರೆ ತೋರಿಸು, ಅಣ್ಣನೋ ಅಮ್ಮನೋ ಹೋಗಿ ಮಾತಾಡಿದರೂ ಆಗುತ್ತದೆ. ನೀನೇ ಮಾಡಬೇಕು ಎಂದೇನಿಲ್ಲ.

ನಿನಗೆ ಬೇಕಾಗುವ ಕೆಲವು ಸಂಗತಿ ಹೇಳುತ್ತೇನೆ. ಹೆಚ್ಚು ಸಮಯ ಎನ್ನುವುದು ಯಾರದ್ದೋ ದಯೆಯಲ್ಲ. ನಿನ್ನ ಡಿಸ್ಲೆಕ್ಸಿಯಾದಂಥ ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ನ್ಯೂನತೆಗಳಲ್ಲಿ ಒಂದೆಂದು ಸೇರಿಸಿತು. ಅದಕ್ಕೆ ಮೊದಲಿನ 1995ರ ಕಾಯ್ದೆಯಲ್ಲಿ ನಿನ್ನಂಥವರ ಹೆಸರೇ ಇರಲಿಲ್ಲ. ಲಿಖಿತ ಪರೀಕ್ಷೆಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಮಾಡಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಎಂದಿತ್ತು. ಆ ನಿಮಿಷಗಳಲ್ಲಿ ನಿನಗೆ ಯಾರೂ ಉತ್ತರ ಕೊಡುವುದಿಲ್ಲ, ಓದಲು ಬೇಕಾದ ಹೊತ್ತು ಕೊಡುತ್ತಾರೆ.

ಸರ್ ಮಾಡಿದ ಹೋಲಿಕೆಯೂ ಪೂರ್ತಿ ಸರಿಯಲ್ಲ, ಇದನ್ನು ನೀನು ಚರ್ಚೆಯಲ್ಲಿ ಹೇಳಬಹುದು. ನಿನ್ನ ತೊಂದರೆ ಹುಟ್ಟಿನಿಂದ ಬಂದದ್ದು, ಅದನ್ನು ಯಾರೂ ಮಾಡಿದ್ದಲ್ಲ. ಜಾತಿಯ ತೊಂದರೆ ಮನುಷ್ಯರು ಮನುಷ್ಯರಿಗೆ ಮಾಡಿದ್ದು. ಅದಕ್ಕೇ ಅದರ ವಾದಗಳೂ ಬೇರೆ. ಹಿಂದುಳಿದವರಿಗೆ ಏನು ಮಾಡಬೇಕು ಎಂದು ನೋಡಲು ಹಳೆಯ ಮೈಸೂರಿನಲ್ಲಿ 1918ರಲ್ಲೇ ಮಿಲ್ಲರ್ ಸಮಿತಿ, ಕರ್ನಾಟಕದಲ್ಲಿ 1972ರಲ್ಲಿ ಹಾವನೂರು ಆಯೋಗ, ದೇಶಕ್ಕೆ 1979ರಲ್ಲಿ ಮಂಡಲ್ ಆಯೋಗ ಬಂತು. 1990ರಲ್ಲಿ ಹಿಂದುಳಿದ ವರ್ಗಗಳಿಗೆ ಕೇಂದ್ರದ ನೌಕರಿಯಲ್ಲಿ ಶೇ. 27 ಎಂದಾಗ ಬೀದಿಯಲ್ಲಿ ದೊಡ್ಡ ಗಲಾಟೆಯಾಯಿತು. 1992ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ, ಒಟ್ಟು ಶೇ. 50 ದಾಟಬಾರದು ಎಂದಿತು. 2019ರಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 10 ಬಂತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಾಗಲೂ ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಒಪ್ಪಲಿಲ್ಲ. ಅಷ್ಟು ದೊಡ್ಡವರೇ ಒಪ್ಪದೆ ಉಳಿದಿದ್ದಾರೆ ಎಂದಮೇಲೆ ನಿನ್ನ ತರಗತಿಯವರೂ ಒಪ್ಪದೆ ಇರಬಹುದು. ನಿನ್ನನ್ನು "ಕೋಟಾ" ಎಂದು ಕರೆಯುವುದು ಮಾತ್ರ ಅಭಿಪ್ರಾಯವಲ್ಲ. ಅದನ್ನು ಸರ್ ನಿಲ್ಲಿಸಬೇಕು.

ಇಸವಿಗಳೆಲ್ಲ ನೆನಪಿಡಬೇಡ. ಒಂದು ಚೀಟಿಯಲ್ಲಿ ಎರಡೇ ಮಾತು ಅಣ್ಣನ ಕೈಲಿ ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಹೋಗು. ಮೊದಲ ದಿನ ಅದನ್ನು ಓದಿದರೆ ಸಾಕು, ಓದುವುದು ಬೇಡ ಅನ್ನಿಸಿದರೆ ಗೆಳತಿ ಓದಲಿ. ಏನಾಯಿತು ಎಂದು ನನಗೆ ತಿಳಿಸು. ಟೈಪ್ ಮಾಡಲು ಅಣ್ಣ ಸಿಗದಿದ್ದರೆ ದನಿ ರೆಕಾರ್ಡ್ ಮಾಡಿ ಕಳಿಸು, ನಾನು ಕೇಳಿಸಿಕೊಳ್ಳುತ್ತೇನೆ.